ಎರಡನೇ ಮೆಟ್ಟಿಲಲ್ಲಿ ನಿಂತ ಡ್ರೈವರ್

ಹೊಟ್ಟೆಕಿಚ್ಚು ಪಡುವವನು ಮೊದಲು ಎದುರಾಳಿ ಬದುಕಿದ್ದಾನೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ಬದುಕಿದ್ದರೆ ಇಂದಲ್ಲ ನಾಳೆ ಅವನಿಗೂ ಹೊಟ್ಟೆ ಬರುತ್ತದೆ, ಕೂದಲು ಉದುರುತ್ತದೆ, ನಾಲ್ಕು ಜನರೆದುರು ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಾನೆ, ನಮ್ಮ ಹೊಟ್ಟೆಯೂ ತಣ್ಣಗಾಗುತ್ತದೆ. ನಮ್ಮ ರೀಲಣ್ಣ ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಹೆಂಡತಿಯ ಮೊದಲ ಗಂಡನ ಮೇಲೆ. ಆತ ಬಸ್ ಡ್ರೈವರ್. ಮೂರು ದಿನದ ಜ್ವರದಲ್ಲಿ ಮೂವತ್ತೈದನೇ ವಯಸ್ಸಿಗೇ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ರೀಲಣ್ಣನಿಗೆ ಈಗ ಐವತ್ತಮೂರು. ಆತ ಮಾತ್ರ ಇನ್ನೂ ಮೂವತ್ತೈದರಲ್ಲೇ ಇದ್ದ.

ರೀಲಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ರೀಲು ಬಿಡುವವನೆಂದು ಯಾರೂ ತಪ್ಪು ತಿಳಿಯಬಾರದು. ಮಾತೇ ತೂಕ ಹಾಕಿದಂತೆ ಆಡುವವನು ರೀಲು ಎಲ್ಲಿಂದ ಬಿಟ್ಟಾನು? ಹಳೇ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರ್ ಫೈಲುಗಳಾಗಿ ಪರಿವರ್ತಿಸಿ ಕೊಡುವುದು ಅವನ ಕಸುಬು. ಮೊದಲು ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ. ಬಾಡಿಗೆಯ ಕಾಲ ಮುಗಿದಾಗ ಪ್ಲೇಯರ್ ರಿಪೇರಿ ಹಿಡಿದ. ಪ್ಲೇಯರುಗಳೂ ಗುಜರಿ ಸೇರಿದ ಮೇಲೆ, ಜನರ ಅಟ್ಟದಲ್ಲಿ ಉಳಿದುಹೋದ ಕ್ಯಾಸೆಟ್ಟುಗಳಿಗೆ ಇನ್ನು ತಾನೇ ದಿಕ್ಕು ಎಂದು ಕೂತ. ಎರಡಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿ ಅದು. ಒಳಗೆ ಹೋದಷ್ಟೂ ತಲೆ ತಗ್ಗಿಸಬೇಕು. ಮೂರು ಪ್ಲೇಯರ್, ಒಂದು ಮುದಿ ಕಂಪ್ಯೂಟರ್, ಸ್ಪಿರಿಟ್ ಬಾಟಲಿ, ಹತ್ತಿ, ಮತ್ತು ಬೂಷ್ಟು ಹಿಡಿದ ಟೇಪಿನ ವಾಸನೆ. ಆ ವಾಸನೆ ಅವನ ಅಂಗಿಗಳಿಗೂ ಹತ್ತಿತ್ತು.

ಪಕ್ಕದಲ್ಲೇ ವಾಚ್ ರಿಪೇರಿ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಗಡಿಯಾರದವರು ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಲ್ಲಿ ಬೀದಿಯ ವ್ಯವಹಾರವನ್ನೆಲ್ಲ ನೋಡುತ್ತಿದ್ದರು.

ನಲವತ್ತನಾಲ್ಕರ ತನಕ ರೀಲಣ್ಣ ಬ್ರಹ್ಮಚಾರಿ. ಒಂದು ದಿನ ಹನ್ನೊಂದು ಕ್ಯಾಸೆಟ್ಟುಗಳಿದ್ದ ಚೀಲವನ್ನು ಬಸ್ಸಿನಲ್ಲಿ ಮರೆತ. ಬಸ್ ಡಿಪೋದಲ್ಲಿ, ಜನ ಬಿಟ್ಟುಹೋದ ಸಾಮಾನು ಇಡುವ ಕೋಣೆ ಒಂದಿತ್ತು. ಕೌಂಟರಿನಲ್ಲಿ ಕೂತ ಹೆಂಗಸು ಚೀಲದ ಬಣ್ಣ, ಹಿಡಿಯ ಹೊಲಿಗೆ, ಒಳಗಿನ ಪ್ರತಿ ಕ್ಯಾಸೆಟ್ಟಿನ ಮೇಲೆ ಏನು ಬರೆದಿದೆ ಎಂದು ಕೇಳಿ ಕೇಳಿ, ಮುಖ್ಯ ಪರೀಕ್ಷೆಯನ್ನೇ ನಡೆಸಿದಳು. ಅವನಿಗೆ ಅದು ಬಹಳ ಹಿಡಿಸಿತು. ಮುಂದಿನ ತಿಂಗಳು ಕೊಡೆ ಕಳೆದುಕೊಂಡ. ಅದರ ಮುಂದಿನ ತಿಂಗಳು ಅದೇ ಕೊಡೆಯನ್ನು ಬೇಕೆಂತಲೇ ಕಳೆದುಕೊಂಡ. ನಾಲ್ಕನೇ ಸಲ ಅವಳೇ ಹೇಳಿದಳು, "ಕೊಡೆ ಬಿಟ್ಟು ಬರೋದು ಬೇಡ, ಹಾಗೇ ಬನ್ನಿ, ಟೀ ಕುಡಿಯೋಣ." ವರ್ಷದೊಳಗೆ ಮದುವೆಯಾಯಿತು.

ಆ ಕೆಲಸ ಅವಳಿಗೆ ಸಿಕ್ಕಿದ್ದು ಡ್ರೈವರ್ ತೀರಿಕೊಂಡ ಮೇಲೆ, ಅವನ ಕೆಲಸದ ಬದಲಿಗೆ. ಮನೆಯೂ ಅವನು ಕೊಂಡದ್ದೇ. ರೀಲಣ್ಣ ಒಂದು ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಹೋದ. ಡ್ರೈವರ್ ಆರಡಿ ಎರಡಂಗುಲದ ಆಳು. ಮನೆಯ ಮೊಳೆಗಳೆಲ್ಲ ಅವನ ಎತ್ತರಕ್ಕೆ ಹೊಡೆದದ್ದು. ರೀಲಣ್ಣ ಅಂಗಿ ತಗಲಿಹಾಕಲು ದಿನಾ ತುದಿಗಾಲಲ್ಲಿ ನಿಲ್ಲಬೇಕು. ಒಂದು ಮೊಳೆ ಕೆಳಗೆ ಹೊಡೆದರೆ ಆಗುತ್ತಿತ್ತಲ್ಲ ಎಂದರೆ, ಹೊಡೆಯಲಿಲ್ಲ. ಕೆಳಗೆ ಹೊಡೆದರೆ ತಾನು ಕುಳ್ಳ ಎಂದು ಒಪ್ಪಿಕೊಂಡಂತೆ ಎಂಬುದು ಅವನ ವಾದ.

ಅವಳು ಡ್ರೈವರನ್ನು ಹೊಗಳುತ್ತಲೂ ಇರಲಿಲ್ಲ, ಅದೇ ತಾಪತ್ರಯ. ಹೊಗಳಿದ್ದರೆ ಜಗಳವಾದರೂ ಆಡಬಹುದಿತ್ತು. ಯಾವಾಗಲೋ ಒಮ್ಮೆ, ಬಾಗಿಲು ದಡಾರನೆ ಮುಚ್ಚಿದಾಗ, "ಅವರು ಬಾಗಿಲು ಹಾಕಿದ್ರೆ ಸದ್ದೇ ಆಗ್ತಿರಲಿಲ್ಲ" ಎನ್ನುವಳು, ಅಷ್ಟೆ. ರೀಲಣ್ಣ ಅಂದಿನಿಂದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಕೂಸನ್ನು ಮಲಗಿಸಿದಂತೆ ಮುಚ್ಚತೊಡಗಿದ. ಅವಳು ಅದನ್ನು ಗಮನಿಸಲೂ ಇಲ್ಲ.

"ಅವನಿಗೆ 'ಅವರು' ಅಂತಾಳೆ. ನನಗೆ 'ಇವರು'" ಎಂದು ಒಮ್ಮೆ ಗಡಿಯಾರದವರ ಹತ್ತಿರ ದೂರಿದ.

"ಹತ್ತಿರ ಇರೋರಿಗೆ ಇವರು ಅಂತಾರೆ ಕಣಯ್ಯ. ಸತ್ತೋನಿಗೆ ಇವರು ಅನ್ನೋಕಾಗುತ್ತಾ?"

"ನಿಮಗೆ ಅರ್ಥ ಆಗಲ್ಲ ಬಿಡಿ ಯಜಮಾನ್ರೇ."

"ಅರ್ಥ ಆಗದೆ ಏನು. ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ ಅಂತ ಹಿರಿಯರೇ ಹೇಳಿದ್ದಾರೆ" ಎಂದು ಅವರು ತಮ್ಮ ವಾಚಿನ ಮೇಲೆ ಬಗ್ಗಿದರು.

ಒಂಬತ್ತು ವರ್ಷ ಹೀಗೆ ಹೊಗೆಯಾಡುತ್ತಿದ್ದದ್ದು ಒಂದು ಬುಧವಾರ ಹತ್ತಿಕೊಂಡಿತು. ಡ್ರೈವರಿನ ಜೊತೆ ಕೆಲಸ ಮಾಡಿದ್ದ ಕಂಡಕ್ಟರೊಬ್ಬರು ಮನೆ ಬದಲಾಯಿಸುವಾಗ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತೆಂದು ಡಿಪೋಗೆ ತಂದು ಅವಳ ಕೈಗೆ ಕೊಟ್ಟರು. ಡ್ರೈವರ್ ಸಾಯುವ ಹಿಂದಿನ ವರ್ಷ ಡಿಪೋದಲ್ಲಿ ನಡೆದ ಸಮಾರಂಭದ ಟೇಪು. ಹತ್ತು ವರ್ಷ ಒಂದೂ ಅಪಘಾತ ಮಾಡದ ಚಾಲಕನೆಂದು ಅವನಿಗೆ ಅಂದು ಫಲಕ ಕೊಟ್ಟಿದ್ದರು.

"ಅವರು ಅವತ್ತು ಮಾತಾಡಿದ್ರು" ಎಂದಳು ಹೆಂಡತಿ, ಕ್ಯಾಸೆಟ್ಟನ್ನು ಅವನ ತಟ್ಟೆಯ ಪಕ್ಕ ಇಟ್ಟು. "ಹತ್ತು ನಿಮಿಷ ಮಾತಾಡಿದ್ರು. ಇಡೀ ಸಭೆ ಸುಮ್ಮನೆ ಕೂತು ಕೇಳ್ತು. ನನ್ನ ಬಗ್ಗೆನೂ ಹೇಳಿದ್ರು. ಒಂದು ಸಲ ಕೇಳಬೇಕು ನಂಗೆ. ಅಂಗಡೀಲಿ ಬೇಡ, ಮನೇಲಿ ಟಿವೀಲಿ ನೋಡ್ತೀನಿ. ಮಾಡ್ಕೊಡ್ತೀರಾ?"

ಅವಳು ಇಷ್ಟು ವರ್ಷದಲ್ಲಿ ಅವನ ಕಸುಬಿನಿಂದ ಏನನ್ನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಇದನ್ನು. "ಅದಕ್ಕೇನು" ಎಂದ ರೀಲಣ್ಣ. ಕ್ಯಾಸೆಟ್ಟನ್ನು ತಟ್ಟೆಯಿಂದ ಒಂದು ಗೇಣು ದೂರ ಸರಿಸಿದ.

ಮರುದಿನ ಕ್ಯಾಸೆಟ್ ಬಿಚ್ಚಿ ನೋಡಿದ. ಟೇಪಿನ ಅಂಚು ಸುಕ್ಕುಗಟ್ಟಿ, ಅಲ್ಲಲ್ಲಿ ಬಿಳಿ ಬೂಷ್ಟು. ಇನ್ನು ನಾಲ್ಕೈದು ಸಲ ಓಡಿದರೆ ಹೆಚ್ಚು. ಗಿರಾಕಿಗಳಿಗೆ ಅವನು ಎಂದೂ ದೊಡ್ಡ ಫೈಲು ಮಾಡುತ್ತಿರಲಿಲ್ಲ. ಒಂದು ಟೇಪಿಗೆ ಒಂದೂವರೆ ಜಿಬಿ ಮೀರದಂತೆ ಕುಗ್ಗಿಸಿ ಕೊಡುವುದು ಅವನ ಪದ್ಧತಿ. ಆದರೆ ಇದನ್ನು ಕುಗ್ಗಿಸಿ, ನಾಳೆ ಅವಳು "ಅವರ ಮುಖ ಮಸುಕಾಗಿದೆಯಲ್ಲ" ಎಂದರೆ? ಹೊಟ್ಟೆಕಿಚ್ಚಿನವನು ಎಂದು ತಾನೇ ಸಾರಿಕೊಂಡಂತೆ. ಎಲ್ಲಕ್ಕಿಂತ ಮೇಲಿನ ಗುಣಮಟ್ಟಕ್ಕೆ ಇಟ್ಟ. ಡ್ರೈವರಿನ ಮೀಸೆಯ ಕೂದಲು ಎಣಿಸುವಂತಿರಲಿ ಎಂದುಕೊಂಡ, ಹಲ್ಲು ಕಚ್ಚಿಕೊಂಡೇ. ಮುದಿ ಕಂಪ್ಯೂಟರಿನೊಳಗೆ ಜಾಗ ಕಡಿಮೆ ಎಂದು ಫೈಲನ್ನು ನೇರವಾಗಿ ತನ್ನ ಮನೆಬಳಕೆಯ ಹೊರಗಿನ ಹಾರ್ಡ್ ಡಿಸ್ಕಿಗೆ ಬರೆಯಲು ಬಿಟ್ಟು, ಡ್ರೈವರ್ ಪರದೆಯ ಮೇಲೆ ಬರುವ ಮೊದಲೇ ಎದ್ದು ಹೊರಗೆ ಹೋದ. ಅವನ ದನಿ ಕೇಳುವ ಆಸೆ ಇವನಿಗಿರಲಿಲ್ಲ.

ಒಂದು ಗಂಟೆ ಬಿಟ್ಟು ಬಂದಾಗ ಟೇಪು ಕೊನೆ ಮುಟ್ಟಿ ನಿಂತಿತ್ತು. ಫೈಲು ಮಾತ್ರ ಹತ್ತೊಂಬತ್ತು ನಿಮಿಷಕ್ಕೇ ಮುಗಿದಿತ್ತು. ಕಂಪ್ಯೂಟರಿನಲ್ಲಿ 'ಜಾಗ ಸಾಲದು' ಎಂದು ಒಂದು ಸೂಚನೆ. ಡಿಸ್ಕು ನೋಡಿದರೆ ಮುಕ್ಕಾಲು ಖಾಲಿ. "ನಿನಗೂ ಅರಳುಮರಳಾ" ಎಂದು ಕಂಪ್ಯೂಟರನ್ನು ಬೈದು ಫೈಲು ಓಡಿಸಿದ. ಖಾಲಿ ಕುರ್ಚಿಗಳು, ಆಮೇಲೆ ಡಿಪೋ ಅಧಿಕಾರಿಯ ಭಾಷಣ, ಇನ್ನೊಬ್ಬ ಅಧಿಕಾರಿಯ ಭಾಷಣ, ಕೊನೆಗೆ ಡ್ರೈವರನ್ನು ಕರೆದರು. ಆತ ಸಾಲಿನಿಂದ ಎದ್ದ. ವೇದಿಕೆಯ ಎರಡನೇ ಮೆಟ್ಟಿಲ ಮೇಲೆ ಕಾಲಿಟ್ಟ. ಅಲ್ಲಿಗೆ ಚಿತ್ರ ನಿಂತಿತು.

ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ಆಗ ಏನು ಮಾಡಬೇಕಿತ್ತು? ಯಾಕೆ ನಿಂತಿತು ಎಂದು ಹುಡುಕಬೇಕಿತ್ತು. ಬೇರೆ ಯಾರದ್ದೇ ಟೇಪಾಗಿದ್ದರೂ ಹುಡುಕುತ್ತಿದ್ದ, ಊಟ ಬಿಟ್ಟು ಹುಡುಕುತ್ತಿದ್ದ. ಆದರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ನಿಂತ ಆ ಆರಡಿಯ ಮನುಷ್ಯನನ್ನು ನೋಡಿ ರೀಲಣ್ಣನ ಹೊಟ್ಟೆಗೆ ತಣ್ಣೀರು ಸುರಿದಂತಾಯಿತು. 'ಅಲ್ಲೇ ಇರಪ್ಪಾ' ಎಂದುಕೊಂಡ. ಟೇಪು ಹಳೆಯದು, ಅದಕ್ಕೇ ಹೀಗಾಯಿತು ಎಂದು ತನಗೇ ಹೇಳಿಕೊಂಡು ಡಿಸ್ಕನ್ನು ಮನೆಗೆ ಒಯ್ದ.

ಹೆಂಡತಿ ನೋಡಿದಳು. "ಮುಂದೆ?"

"ಟೇಪ್ ಹಳೇದು ನೋಡು. ಇನ್ನೊಂದು ಸಲ ಹಾಕ್ತೀನಿ."

ಇನ್ನೊಂದು ಸಲ ಹಾಕಿದ. ಕಾಟಾಚಾರಕ್ಕೆ ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡಿಗೆ ಸ್ಪಿರಿಟ್ ಸವರಿದ, ಅಷ್ಟೆ. ಮತ್ತೆ ಹೊರಗೆ ಹೋಗಿ ಟೀ ಕುಡಿದು ಬಂದ. ಮತ್ತೆ ಹತ್ತೊಂಬತ್ತು ನಿಮಿಷ, ಮತ್ತೆ ಎರಡನೇ ಮೆಟ್ಟಿಲು. ಹೆಂಡತಿ ಟಿವಿಯ ಹತ್ತಿರ ಹೋಗಿ, ನಿಂತುಹೋದ ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿ, ಬಟ್ಟೆ ಮಡಚಲು ಎದ್ದುಹೋದಳು. ಅವಳ ಬೆನ್ನು ನೋಡಿ ರೀಲಣ್ಣನಿಗೆ ಸ್ವಲ್ಪ ಚುರುಕ್ಕೆಂದಿತು. ಆದರೆ ಅವಳು ಅಷ್ಟು ಹೊತ್ತು ಆ ಚಿತ್ರ ನೋಡಿದ್ದಕ್ಕೆ ಅದಕ್ಕಿಂತ ಹೆಚ್ಚು ಉರಿಯಿತು.

ಮುಂದಿನ ಬುಧವಾರ, ಮೂರನೇ ಸಲ ಹಾಕುವಾಗ ಅವನಿಗೂ ಬೇಜಾರು ಬಂದಿತ್ತು. ಮೊದಲ ಎರಡು ನಿಮಿಷ ಬರೀ ಖಾಲಿ ಕುರ್ಚಿ, ಅದನ್ನು ಯಾರು ನೋಡುತ್ತಾರೆಂದು ಟೇಪನ್ನು ಅಷ್ಟು ಮುಂದೆ ಓಡಿಸಿ, ಅಲ್ಲಿಂದ ಶುರುಮಾಡಿದ. ಸಂಜೆ ಡಿಸ್ಕು ತಂದು ಟಿವಿಗೆ ಚುಚ್ಚಿದ. ಇಬ್ಬರೂ ನೋಡಿದರು. ಡ್ರೈವರ್ ಎರಡನೇ ಮೆಟ್ಟಿಲ ಮೇಲೆ ಕಾಲಿಟ್ಟ. ನಿಲ್ಲಲಿಲ್ಲ. ಮೂರನೇ ಮೆಟ್ಟಿಲು ಹತ್ತಿದ, ವೇದಿಕೆಗೆ ಬಂದ, ಅಧಿಕಾರಿಯ ಕೈ ಕುಲುಕಿದ, ಫಲಕ ಹಿಡಿದು ಫೋಟೊಗೆ ನಿಂತ, ಮೈಕಿನ ಹತ್ತಿರ ಬಂದ, ಬಾಯಿ ತೆರೆದ. ಚಿತ್ರ ನಿಂತಿತು.

ಹೆಂಡತಿ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟಳು.

"ಮೊದಲ ಎರಡು ಸಲ ಮೆಟ್ಟಿಲ ಮೇಲೆ ನಿಲ್ಸಿದ್ರಿ. ಈಗ ಬಾಯಿ ತೆರೆಯೋ ತನಕ ಬಿಟ್ರಿ. ಸ್ವಲ್ಪ ಸ್ವಲ್ಪಾನೇ ಹತ್ತಿಸ್ತಿದ್ದೀರಲ್ಲ ಅವರನ್ನ."

"ಏನು ಹೇಳ್ತಿದ್ದೀಯ ನೀನು?"

"ಟೇಪ್ ಹಾಳಾಗಿದ್ರೆ ಒಂದೇ ಕಡೆ ನಿಲ್ಲಬೇಕಿತ್ತು. ನೀವು ಕತ್ತರಿಸ್ತಿದ್ದೀರಿ."

"ನಾನಾ? ನಾನ್ಯಾಕೆ ಕತ್ತರಿಸ್ಲಿ? ನಂಗೇನು ಅವನ ಮೇಲೆ ಹೊಟ್ಟೆಕಿಚ್ಚಾ?" ರೀಲಣ್ಣನ ದನಿ ಏರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಟ್ಟೆಕಿಚ್ಚೆಂಬ ಮಾತನ್ನು ಅವಳು ಎತ್ತೇ ಇರಲಿಲ್ಲ.

"ಒಂಬತ್ತು ವರ್ಷದಲ್ಲಿ ನೀವು ನಂಗೆ ಸುಳ್ಳು ಹೇಳಿಲ್ಲ ಅಂತ ತಿಳ್ಕೊಂಡಿದ್ದೆ" ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಆಮೇಲೆ ಮೂರು ದಿನ ಬೇಕಾದ್ದಕ್ಕೆ ಮಾತ್ರ ಮಾತು: ಬೀಗದ ಕೈ ಎಲ್ಲಿದೆ, ನೀರು ಬಂತಾ, ಅಷ್ಟೆ.

ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಒಂದು ಕಷ್ಟ. ಮಾಡಬೇಕೆಂದು ಮನಸ್ಸಿದ್ದೂ ಮಾಡದೆ ಬಿಟ್ಟ ತಪ್ಪಿಗೆ ಬೈಸಿಕೊಳ್ಳುವುದು ಇನ್ನೂ ದೊಡ್ಡ ಕಷ್ಟ. ಡ್ರೈವರ್ ಸತ್ತ ಮೇಲೂ ತನ್ನ ಸಂಸಾರಕ್ಕೆ ಕಲ್ಲು ಹಾಕಿದನಲ್ಲ ಎಂದು ರೀಲಣ್ಣನಿಗೆ ರೋಷ ಬಂತು. ಆ ರೋಷದಲ್ಲೇ ಅವನು ಕೊನೆಗೂ ತನ್ನ ಕಸುಬಿಗೆ ಇಳಿದ. ಪ್ಲೇಯರ್ ಬದಲಿಸಿದ. ಟೇಪು ಸವೆಯದಿರಲೆಂದು ತನ್ನದೇ ಬೇರೊಂದು ಹಳೇ ಕ್ಯಾಸೆಟ್ ಹಾಕಿ ನೋಡಿದ. ಹತ್ತೊಂಬತ್ತು ನಿಮಿಷಕ್ಕೆ ಅದೂ ನಿಂತಿತು! ಕೇಬಲ್ ಬದಲಿಸಿದ, ಪ್ರೋಗ್ರಾಂ ತೆಗೆದು ಮತ್ತೆ ಹಾಕಿದ, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಊದಿದ. ಹತ್ತೊಂಬತ್ತು ನಿಮಿಷ, ಒಂದು ಕ್ಷಣ ಆಚೆಯಿಲ್ಲ, ಈಚೆಯಿಲ್ಲ.

ಗಡಿಯಾರದವರು ಹೊಸ್ತಿಲಲ್ಲಿ ನಿಂತು ಕಥೆಯನ್ನೆಲ್ಲ ಕೇಳಿದರು.

"ಟೇಪ್ ಹಾಳಾಗಿದ್ರೆ ಒಂದೇ ಜಾಗದಲ್ಲಿ ನಿಲ್ಬೇಕು ಅಂತ ನಿನ್ನ ಹೆಂಡ್ತಿ ಹೇಳಿದ್ದು ಸರಿಯಾಗೇ ಇದೆ ಕಣಯ್ಯ. ಎರಡು ನಿಮಿಷ ಬಿಟ್ಟು ಶುರುಮಾಡಿದೆ, ಎರಡು ನಿಮಿಷ ಮುಂದೆ ಹೋಗಿ ನಿಂತಿತು. ಅಂದ್ರೆ ಜಾಗ ಅಲ್ಲ, ಅಳತೆ. ತುಂಬಿದ ಮೇಲೆ ನಿಲ್ತಿದೆ. ಯಾವುದೋ ಒಂದು ಪಾತ್ರೆ ಚಿಕ್ಕದಿದೆ ನೋಡು."

"ಪಾತ್ರೆ ಮುಕ್ಕಾಲು ಖಾಲಿ ಇದೆ ಯಜಮಾನ್ರೇ."

"ಹಂಗಾದ್ರೆ ಪಾತ್ರೆ ದೊಡ್ಡದು, ಲೋಟ ಚಿಕ್ಕದು."

ರೀಲಣ್ಣ ತಿರುಗಿ ಫೈಲುಗಳ ಪಟ್ಟಿ ತೆರೆದ. ನಿಂತುಹೋದ ಫೈಲುಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟು ಗಾತ್ರ ನೋಡಿದ. ಎಲ್ಲವೂ ನಾಲ್ಕು ಜಿಬಿಗೆ ಕೂದಲೆಳೆ ಕಡಿಮೆ, ಕೊನೆಯ ಅಂಕಿಯ ತನಕ ಒಂದೇ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಆ ಡಿಸ್ಕನ್ನು ಕೊಂಡ ದಿನ ಫಾರ್ಮ್ಯಾಟ್ ಮಾಡಿದ್ದು, ಅಂದರೆ ಫೈಲು ಇಡಲು ಒಳಗೆ ಗೂಡು ಕಟ್ಟಿದ್ದು, ಅವನೇ. ಮನೆಯ ಟಿವಿ ಹಳೆಯದು, ಹಳೇ ಕಾಲದ ಫಾರ್ಮ್ಯಾಟಿನ ಡಿಸ್ಕನ್ನು ಮಾತ್ರ ಓದುತ್ತದೆ. ಇಷ್ಟು ದೊಡ್ಡ ಡಿಸ್ಕನ್ನು ಆ ಫಾರ್ಮ್ಯಾಟಿಗೆ ತರುವುದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಂ ಹುಡುಕಿ ಇಟ್ಟುಕೊಂಡಿದ್ದ. ಆ ಫಾರ್ಮ್ಯಾಟಿಗೆ ಒಂದು ಚಾಳಿ: ಡಿಸ್ಕು ಎಷ್ಟೇ ದೊಡ್ಡದಿರಲಿ, ಒಂದು ಫೈಲು ನಾಲ್ಕು ಜಿಬಿ ದಾಟುವಂತಿಲ್ಲ. ಬಂದ ಗಿರಾಕಿಗಳಿಗೆಲ್ಲ ಇದನ್ನು ಅವನೇ ಪಾಠ ಹೇಳುತ್ತಿದ್ದ. ಒಂದೂವರೆ ಜಿಬಿಯ ಫೈಲು ಮಾಡುವವನಿಗೆ ಆ ಗೋಡೆ ಎಂದೂ ತಲೆಗೆ ಬಡಿದಿರಲಿಲ್ಲ. ಡ್ರೈವರಿನ ಮೇಲೆ ಉರಿದುಕೊಂಡು, ಉರಿ ಕಾಣಬಾರದೆಂದು ದೊಡ್ಡ ಫೈಲು ಮಾಡಲು ಹೋಗಿ, ತಾನೇ ಕಟ್ಟಿದ ಗೋಡೆಗೆ ತಾನೇ ಹಣೆ ಚಚ್ಚಿಕೊಂಡಿದ್ದ. ಅದಕ್ಕೇ ಹೇಳುವುದು, ಮಾಡಿದ್ದುಣ್ಣೋ ಮಹಾರಾಯ ಎಂದು.

"ಸರಿ, ಈಗ ಎರಡು ತುಂಡು ಮಾಡಿ ಕೊಡು" ಎಂದರು ಗಡಿಯಾರದವರು.

"ತುಂಡು ಮಾಡಿದ್ರೆ ಕತ್ತರಿಸಿದ್ದು ಖಾತ್ರಿ ಆಯ್ತು ಅಂತಾಳೆ."

"ಹಂಗಾದ್ರೆ ಯಾವಾಗಿನ ಹಾಗೆ ಕುಗ್ಗಿಸು."

"ಕುಗ್ಗಿಸಿದ್ರೆ ಮುಖ ಮಸುಕು ಮಾಡಿದ ಅಂತಾಳೆ."

"ಅವಳು ಅಂತಾಳೋ, ನೀನೇ ಅಂದ್ಕೋತೀಯೋ?"

ರೀಲಣ್ಣ ಡಿಸ್ಕನ್ನು ಕೈಗೆತ್ತಿಕೊಂಡ. ಡಿಸ್ಕನ್ನು ಹೊಸ ಫಾರ್ಮ್ಯಾಟಿಗೆ ತರುವುದೊಂದೇ ದಾರಿ ಎಂದು ತೀರ್ಮಾನಿಸಿದ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ, ಹಾಗಾಗಿ ಮೊದಲು ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ, ಪೆನ್ ಡ್ರೈವುಗಳಿಗೆ ಹಂಚಿ ತೆಗೆದಿಟ್ಟ. ಅವನ ಒಂಬತ್ತು ವರ್ಷದ ಸಂಸಾರದ ವಿಡಿಯೊಗಳೂ ಅದರಲ್ಲಿದ್ದವು. ಅವಳು ಸಮುದ್ರದ ದಂಡೆಯಲ್ಲಿ, ಅವಳು ಹೊಸ ಚಪ್ಪಲಿ ಹಾಕಿಕೊಂಡು, ಅವಳು ರೈಲಿನ ಕಿಟಕಿಯಲ್ಲಿ ನಿದ್ದೆಹೋಗಿ. ಅವನು ಎಲ್ಲೂ ಇಲ್ಲ. ಕ್ಯಾಮೆರಾ ಅವನ ಕೈಯಲ್ಲಿತ್ತಲ್ಲ. ಒಂದು ಕಡೆ ಮಾತ್ರ ಹೆಬ್ಬೆರಳು ಅಡ್ಡ ಬಂದಿತ್ತು. 'ನಾಳೆ ನಾನು ಸತ್ತರೆ ಇವಳು ಹೆಬ್ಬೆರಳನ್ನು ನೋಡಿಕೊಂಡು ಕೂತಿರಬೇಕು' ಎಂದುಕೊಂಡ. ಆ ಕ್ಷಣಕ್ಕೆ ಅವನಿಗೆ ಡ್ರೈವರಿನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಎಂದೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ನಾಲ್ಕನೇ ಸಲ ಟೇಪು ಹಾಕಿದ. ಈ ಸಲ ಹೊರಗೆ ಹೋಗುವಂತಿರಲಿಲ್ಲ. ಟೇಪು ಇನ್ನೊಮ್ಮೆ ಓಡುತ್ತದೆಂಬ ಭರವಸೆ ಇರಲಿಲ್ಲ. ಪಕ್ಕದಲ್ಲೇ ಕೂತು, ಸದ್ದು ಬದಲಾದರೆ ನಿಲ್ಲಿಸಲು ಗುಂಡಿಯ ಮೇಲೆ ಬೆರಳಿಟ್ಟುಕೊಂಡ. ಹತ್ತೊಂಬತ್ತು ನಿಮಿಷ ದಾಟಿತು. ಡ್ರೈವರ್ ಮೆಟ್ಟಿಲು ಹತ್ತಿದ. ಇಪ್ಪತ್ತೊಂದೂ ದಾಟಿತು. ಡ್ರೈವರ್ ಮೈಕಿನ ಮುಂದೆ ಬಾಯಿ ತೆರೆದ, ಮತ್ತು ಹದಿನೆಂಟು ವರ್ಷದ ಮೇಲೆ ಮಾತಾಡಿದ.

"ಎಲ್ರಿಗೂ ನಮಸ್ಕಾರ. ನಂಗೆ ಮಾತಾಡಕ್ಕೆ ಬರಲ್ಲ. ಬಸ್ಸು ಚೆನ್ನಾಗಿತ್ತು. ರಸ್ತೆನೂ ಪರವಾಗಿಲ್ಲ. ಥ್ಯಾಂಕ್ಸ್."

ಸಭೆ ಒಮ್ಮೆ ನಕ್ಕಿತು. ಡ್ರೈವರ್ ಬೆವರು ಒರೆಸಿಕೊಂಡು, ಇಳಿಯುವ ದಿಕ್ಕು ತಪ್ಪಿ, ವೇದಿಕೆಯ ಪರದೆಯ ಹಿಂದೆ ಹೋಗಿ ಮತ್ತೆ ವಾಪಸು ಬಂದು ಇಳಿದ. ಒಟ್ಟು ಇಪ್ಪತ್ತೆರಡು ಸೆಕೆಂಡು. ಆಮೇಲೆ ವಂದನಾರ್ಪಣೆ. ಅದರ ನಡುವೆ ಟೇಪು ಕಿರ್ರೆಂದು ಹರಿದು ಎರಡಾಯಿತು.

ರೀಲಣ್ಣ ಗಟ್ಟಿಯಾಗಿ ನಕ್ಕುಬಿಟ್ಟ. ಗಡಿಯಾರದವರು ಪಕ್ಕದ ಅಂಗಡಿಯಿಂದ ಇಣುಕಿ, "ಟೇಪ್ ಹರಿದಿದ್ದಕ್ಕೆ ನಗೋನ್ನ ಇವತ್ತೇ ನೋಡಿದ್ದು" ಎಂದರು. ಹರಿದರೆ ಹರಿಯಲಿ! ಹತ್ತು ನಿಮಿಷದ ಭಾಷಣವಂತೆ, ಇಡೀ ಸಭೆ ಸುಮ್ಮನೆ ಕೂತಿತಂತೆ, ಇವಳ ಬಗ್ಗೆ ಹೇಳಿದನಂತೆ! ಬಸ್ಸು ಚೆನ್ನಾಗಿತ್ತಂತೆ! ಒಂಬತ್ತು ವರ್ಷ ತಾನು ತುದಿಗಾಲಲ್ಲಿ ನಿಂತದ್ದು ಈ ಮಹಾನುಭಾವನಿಗಾಗಿ. ಅಂದು ಸಂಜೆ ರೀಲಣ್ಣ ಸಿಳ್ಳೆ ಹಾಕಿಕೊಂಡು ಮನೆಗೆ ಹೋದ.

ಮನೆಯ ಟಿವಿ ಹೊಸ ಫಾರ್ಮ್ಯಾಟಿನ ಡಿಸ್ಕನ್ನು ಓದುವುದಿಲ್ಲ. ಅದಕ್ಕಾಗಿ ಭಾನುವಾರ ಬೆಳಿಗ್ಗೆ ಅಂಗಡಿಯ ಕಂಪ್ಯೂಟರನ್ನೇ ಹೊತ್ತು ತಂದ. ಮಾನಿಟರ್ ಹಿಡಿದುಕೊಂಡು ಗಡಿಯಾರದವರೂ ಬಂದರು, ಬಾಗಿಲಲ್ಲಿ ಅದನ್ನು ಕೊಟ್ಟು, "ನನ್ನ ಕೆಲಸ ಇಷ್ಟೇ ತಾಯಿ" ಎಂದು ಒಳಗೆ ಬಾರದೆ ಹೋದರು. ರೀಲಣ್ಣ ಮೇಜಿನ ಮೇಲೆ ಎಲ್ಲ ಜೋಡಿಸಿದ. ಫಾರ್ಮ್ಯಾಟಿನ ವಿಷಯ, ನಾಲ್ಕು ಜಿಬಿಯ ವಿಷಯ ವಿವರವಾಗಿ ಹೇಳಿದ. ಫೈಲುಗಳ ಗಾತ್ರ ಬರೆದುಕೊಂಡ ಚೀಟಿಯನ್ನೂ ತೋರಿಸಿದ. "ಈಗ ಪೂರ್ತಿ ಇದೆ. ಒಂದು ಕೂದಲೂ ಕತ್ತರಿಸಿಲ್ಲ. ನೀನೇ ನೋಡು."

ಹೆಂಡತಿ ಚೀಟಿ ನೋಡಿದಳು, ಅವನ ಮುಖ ನೋಡಿದಳು. "ನಾನು ಸುಮ್ನೆ ಅಂದೆ ನಿಮ್ಮನ್ನ" ಎಂದಳು. ಅವನಿಗೆ ಬೇಕಾಗಿದ್ದದ್ದು ಅದೇ ಮಾತು. ಅಷ್ಟಕ್ಕೆ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತಾಗ, ಪರದೆಗಿಂತ ಅವಳ ಮುಖ ಚೆನ್ನಾಗಿ ಕಾಣುವಂಥ ಜಾಗ ನೋಡಿ ತಾನೂ ಕೂತ. ಅವಳು "ಇಷ್ಟೇನಾ" ಎಂದು ಕೇಳುತ್ತಾಳೆ, ತಾನು "ಇಷ್ಟೇ" ಎನ್ನುತ್ತೇನೆ ಎಂದು ನಿನ್ನೆಯಿಂದ ಬಾಯಿಪಾಠ ಮಾಡಿಕೊಂಡಿದ್ದ.

ಅಧಿಕಾರಿಗಳ ಭಾಷಣಗಳನ್ನು ಅವಳು ಒಂದು ಮಾತೂ ಬಿಡದೆ ಕೇಳಿದಳು. ಡ್ರೈವರ್ ಮೆಟ್ಟಿಲು ಹತ್ತುವಾಗ ಅವಳ ಬೆನ್ನು ನೆಟ್ಟಗಾಯಿತು. ಮೈಕಿನ ಮುಂದೆ ಬಂದಾಗ ಅವಳ ತುಟಿಗಳು ಅಲುಗಿದವು. ಅವನಿಗಿಂತ ಮೊದಲು ಅವಳೇ ಏನೋ ಹೇಳಲು ಹೊರಟಂತೆ. ಇಪ್ಪತ್ತೆರಡು ಸೆಕೆಂಡು ಕಳೆಯಿತು. ವಂದನಾರ್ಪಣೆ ಶುರುವಾಗಿ, ಗೆರೆಗೆರೆಯಾಗಿ, ಪರದೆ ಕಪ್ಪಾಯಿತು.

"ಆಯ್ತಾ?"

"ಆಯ್ತು."

"ಇಷ್ಟೇನಾ?"

ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ರೀಲಣ್ಣ ಅವಳ ಮುಖ ನೋಡಿದ. ಗೆದ್ದವನಿಗೆ ಕಾಣಬೇಕಾದ ಮುಖ ಅದಾಗಿರಲಿಲ್ಲ. ಅವಳು ಕಪ್ಪು ಪರದೆಯನ್ನೇ ನೋಡುತ್ತಾ, ತನಗೆ ತಾನೇ ಎಂಬಂತೆ ಹೇಳಿದಳು, "ಅವರು ಹೋದ ಮೇಲೆ, ಮೊದಲನೇ ದಿನ ಕೌಂಟರಿಗೆ ಕೂತಾಗ, ಜನ ಎಲ್ಲ ಬಂದು ಬಂದು ನೋಡೋರು. ಆ ಮಾತುಗಳನ್ನ ನೆನೆಸ್ಕೊಂಡೇ ಕೂತಿದ್ದೆ. ಹದಿನೇಳು ವರ್ಷ ಅದನ್ನೇ ನೆನೆಸ್ಕೊಂಡಿದೀನಿ." ಆಮೇಲೆ ಅವನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

"ನೀವು ಕತ್ತರಿಸಿದ್ದೀರಿ, ಅಲ್ವಾ?"

ಇಲ್ಲ ಎನ್ನಲು ಅವನ ಹತ್ತಿರ ಎಲ್ಲವೂ ಇತ್ತು. ಚೀಟಿ ಇತ್ತು, ಡಿಸ್ಕು ಇತ್ತು, ಸಾಕ್ಷಿಗೆ ಗಡಿಯಾರದವರಿದ್ದರು. ಮೂರು ದಿನ ಅವಳು ಮಾತು ಬಿಟ್ಟಾಗ ಅವನು ಕಳೆದುಕೊಂಡಿದ್ದ ನಂಬಿಕೆ ಈಗಷ್ಟೇ ಕೈಗೆ ವಾಪಸು ಬಂದಿತ್ತು.

"ಹೂಂ" ಎಂದ.

"ಯಾಕೆ?"

"ಹೊಟ್ಟೆಕಿಚ್ಚು." ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಆ ಮಾತನ್ನು ಅವಳೆದುರು ಒಪ್ಪಿಕೊಂಡದ್ದು. "ಕೇಳಕ್ಕಾಗಲಿಲ್ಲ ನಂಗೆ. ತೆಗೆದುಬಿಟ್ಟೆ. ಟೇಪೂ ಹರಿದುಹೋಯ್ತು, ಇನ್ನು ಸಿಗಲ್ಲ."

ಅವಳು ಬೈಯುತ್ತಾಳೆಂದು ಕಾದ. ಅವಳು ಉಸಿರು ಬಿಟ್ಟಳು, ಬಹಳ ಹೊತ್ತು ಹಿಡಿದಿಟ್ಟ ಉಸಿರು. "ನಂಗೊತ್ತಿತ್ತು" ಎಂದಳು. "ಹಾಗಾದ್ರೆ ನೀವು ಕೇಳಿದ್ದೀರಿ. ಏನು ಹೇಳಿದ್ರು ಅವರು? ನೆನಪಿರೋಷ್ಟು ಹೇಳಿ."

ರೀಲಣ್ಣ ಕಂಗಾಲಾದ. ಮಾತೇ ಬಾರದ ಇಬ್ಬರು ಗಂಡಸರು, ಒಬ್ಬ ಸತ್ತು ಬಚಾವಾಗಿದ್ದ, ಈಗ ಇಬ್ಬರ ಪಾಲಿನದನ್ನೂ ಇವನೇ ಆಡಬೇಕು. ನೆಲ ನೋಡಿಕೊಂಡು ಶುರುಮಾಡಿದ.

"ಹತ್ತು ವರ್ಷ ಅಪಘಾತ ಮಾಡಲಿಲ್ಲ ಅಂದ್ರೆ ಅದು ನನ್ನ ಜಾಣತನ ಅಲ್ಲ ಅಂದ. ಮನೇಲಿ ಒಬ್ಬಳಿದ್ದಾಳೆ. ನಾನು ಬರೋ ತನಕ ಬಾಗಿಲ ಚಿಲಕ ಹಾಕಲ್ಲ. ಎಷ್ಟು ಹೇಳಿದ್ರೂ ಹಾಕಲ್ಲ. ಅಂಥ ಬಾಗಿಲು ಮನೇಲಿರೋನು ಜೋರಾಗಿ ಓಡಿಸಕ್ಕಾಗುತ್ತಾ ಅಂದ."

ಅವಳು ತಲೆಯಾಡಿಸಿದಳು. "ಹೌದು. ಹೀಗೇ ಏನೋ ಹೇಳಿದ್ರು."

"ಅವಳಿಗೆ ಸಿಟ್ಟು ಬಂದ್ರೆ ಬಟ್ಟೆ ಮಡಚ್ತಾಳೆ ಅಂದ. ಮಡಚಿದ್ದನ್ನೇ ಮತ್ತೆ ಮಡಚ್ತಾಳೆ. ಆಮೇಲೆ..." ಮಾತು ತಾನೇ ತಾನಾಗಿ ಬರತೊಡಗಿತ್ತು, ಅವನಿಗೇ ಅದು ಆಶ್ಚರ್ಯ. "ಆಮೇಲೆ ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಕನ್ನಡಕ ಹುಡುಕ್ತಾಳೆ. ನಾನು ಹೇಳಲ್ಲ. ಹುಡುಕೋವಾಗ ಅವಳು ಒಬ್ಬಳೇ ಮಾತಾಡ್ತಾ ಇರ್ತಾಳೆ, ಅದನ್ನ ಕೇಳೋಕೆ ಚೆನ್ನಾಗಿರುತ್ತೆ, ಅದಕ್ಕೇ ಹೇಳಲ್ಲ ಅಂದ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳಿಗೆ ಕನ್ನಡಕ ಬಂದದ್ದು ನಾಲ್ಕು ವರ್ಷದ ಹಿಂದೆ.

ಹೆಂಡತಿಯ ಕೈ ಮೆಲ್ಲಗೆ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಅದನ್ನು ತೆಗೆದು, ಒರೆಸಿ, ಹಾಕಿಕೊಂಡು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ರೀಲಣ್ಣ ಮೈಯೆಲ್ಲ ಬೆವರಿ, ಏಳಲೋ ಬೇಡವೋ ಎಂದು ಕೂತಿದ್ದ.

"ಹೌದು" ಎಂದಳು ಕೊನೆಗೆ. "ಹಾಗೇ ಹೇಳಿದ್ರು. ಇನ್ನೂ ಏನೇನು ಹೇಳಿದ್ರು?"

ಯಾರು ಹೇಳಿದರೆಂದು ಅವಳು ಲೆಕ್ಕ ಇಟ್ಟುಕೊಂಡಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಒಂಬತ್ತು ವರ್ಷ ಬಾಯಿಗೆ ಬಾರದೆ ಉಳಿದ ಮಾತೆಲ್ಲ ಆ ಡ್ರೈವರಿನ ಹೆಸರಿಗೆ ಹೋಗುತ್ತಿದೆಯಲ್ಲ ಎಂದು ಹೊಟ್ಟೆ ಧಗಧಗ ಉರಿಯುತ್ತಿತ್ತು. ಆದರೂ ಹತ್ತು ನಿಮಿಷ ಆಗುವ ತನಕ ರೀಲಣ್ಣ ಹೇಳುತ್ತಾ ಹೋದ.